ಸ್ವಪ್ನದಲ್ಲಿ ಕಾಲಪ್ರತೀತಿ

ಕನಸಿನಲ್ಲಿ ಕಾಲವು ಎಚ್ಚರದಲ್ಲಿರುವುದಕ್ಕಿಂತ ಬಹು ವೇಗವಾಗಿ ನಡೆಯುತ್ತದೆಂಬುದು ಎಲ್ಲರಿಗೂ ಪರಿಚಿತವಾದ ಅಭಿಪ್ರಾಯ. ಬೆಳಗಿನ ಜಾವದಲ್ಲಿ ಅರೆಗಳಿಗೆ ಕಣ್ಣು ಮುಚ್ಚಿದವನು ಕಾಶಿಗೆ ಹೋಗಿಬರುತ್ತಾನೆ. ಮಗಳ ಮದುವೆಯನ್ನು ಮಾಡಿ ಮೊಮ್ಮಕ್ಕಳನ್ನೂ ಆಡಿಸುತ್ತಾನೆ. ಎದ್ದು ನೋಡಿದರೆ ಒಲೆಯ ಮೇಲಿಟ್ಟ ನೀರು ಇನ್ನೂ ಕಾದಿರುವುದಿಲ್ಲ. ಈ ಅನುಭವವನ್ನೇ ಹಿಡಿದು ನಮ್ಮ ವೇದಾಂತಿಗಳು ಒಂದು ಯುಕ್ತಿಯನ್ನು ಕಟ್ಟಿದರು. ಪುರಾಣಕಾರರು ಕಥೆಗಳನ್ನು ಹೇಳಿದರು. ಪಾಶ್ಚಾತ್ಯ ಪಂಡಿತರು ಕನಸಿನ ವೇಗಕ್ಕೆ ಕಾರಣವನ್ನು ಹುಡುಕಿದರು. ಆದರೆ ಸುಮಾರು ಎಪ್ಪತ್ತು ವರ್ಷಗಳಿಂದ ಪ್ರಯೋಗಶಾಲೆಗಳಲ್ಲಿ ನಡೆದುಬಂದಿರುವ ಪರೀಕ್ಷೆಗಳು ಈ ಅಭಿಪ್ರಾಯಕ್ಕೆ ಅನುಕೂಲವಾಗಿಲ್ಲ. ಕನಸು ತಾನು ತೋರಿಸುವ ಕಾರ್ಯಗಳಿಗೆ ಬೇಕಾದಷ್ಟು ಹೊತ್ತನ್ನು ಪ್ರಾಯಿಕವಾಗಿ ತೆಗೆದುಕೊಂಡೇ ತೆಗೆದುಕೊಳ್ಳುತ್ತದೆಂದು ಅವು ಸೂಚಿಸುತ್ತವೆ. ಹಾಗಾದರೆ ನಮ್ಮೆಲ್ಲರ ಅನುಭವವೂ ಸುಳ್ಳೆ? ಕಾಲದ ಅಲ್ಪತೆಯನ್ನು ಹೇತುವಾಗಿಟ್ಟು ಗೌಡಪಾದರು ಹೂಡಿದ ಯುಕ್ತಿಯು ಬಿದ್ದುಹೋಯಿತೆ? ಮಾಂಡೂಕ್ಯಕಾರಿಕೆಗಳನ್ನಾಗಲಿ ಯೋಗವಾಸಿಷ್ಠದ ಉಪಾಖ್ಯಾನಗಳನ್ನಾಗಲಿ ಪಾಠ ಹೇಳುವವರಿಗೆ ಈ ಪ್ರಶ್ನೆಯು ಇಂದಲ್ಲ ನಾಳೆ ವಿದ್ಯಾರ್ಥಿಗಳ ಬಾಯಿಂದಲೇ ಬರುವಂಥದು. ಅದನ್ನು ಇಲ್ಲಿ ಯಥಾಮತಿಯಾಗಿ ವಿಚಾರಮಾಡಿದೆ.

ಮೊದಲು ಎಚ್ಚರದ ಕಾಲವನ್ನೇ ನೋಡೋಣ. ಅದೂ ಗಡಿಯಾರದಂತೆ ಸಮವಾಗಿ ನಡೆಯುವುದೆಂದು ಯಾರೂ ಹೇಳಲಾರರು. ನಮ್ಮ ಆಡುಮಾತಿನಲ್ಲಿ ‘ಹೊತ್ತು ಹೋಗಲೊಲ್ಲದು’ ಎಂಬುದೂ ಉಂಟು, ‘ಹೊತ್ತು ಹೋದದ್ದೇ ತಿಳಿಯಲಿಲ್ಲ’ ಎಂಬುದೂ ಉಂಟು. ವಿರಹಿಗೆ ಕ್ಷಣವು ಯುಗವಾಗುವುದು ಕವಿಸಮಯವಾಗಿಯೇ ನಿಂತುಹೋಗಿದೆ. ಅಮೆರಿಕದ ವಿಲಿಯಂ ಜೇಮ್ಸ್ ಎಂಬ ತತ್ತ್ವಜ್ಞನು 1890ರಲ್ಲಿ ಪ್ರಕಟಿಸಿದ ತನ್ನ ಮನಶ್ಶಾಸ್ತ್ರಗ್ರಂಥದಲ್ಲಿ ಇದರ ಒಂದು ಸೂಕ್ಷ್ಮವನ್ನು ತೋರಿಸಿದ್ದಾನೆ. ನಾನಾ ವಿಧವಾದ ಅನುಭವಗಳಿಂದ ತುಂಬಿದ ಹೊತ್ತು ಕಳೆಯುವಾಗ ಚಿಕ್ಕದು, ನೆನೆಯುವಾಗ ದೊಡ್ಡದು. ಬರಿದಾದ ಹೊತ್ತು ಕಳೆಯುವಾಗ ದೊಡ್ಡದು, ನೆನೆಯುವಾಗ ಚಿಕ್ಕದು. ಜಾತ್ರೆಗೆ ಹೋಗಿಬಂದ ಎರಡು ದಿನಗಳು ಹಿಂದಿರುಗಿ ನೋಡಿದರೆ ಒಂದು ವಾರದಂತೆ ಕಾಣುತ್ತವೆ; ಜ್ವರದಲ್ಲಿ ಮಲಗಿ ತೊಲೆಗಳನ್ನು ಎಣಿಸಿದ ವಾರವಾದರೋ ಆಮೇಲೆ ಒಂದು ದಿನವೆಂಬಂತೆ ಮುದುಡಿಹೋಗುತ್ತದೆ. ಅಂದಮೇಲೆ ಎಚ್ಚರದಲ್ಲಿಯೇ ಎರಡು ಕಾಲಪ್ರತೀತಿಗಳಿವೆ: ನಡೆಯುತ್ತಿರುವಾಗಿನದು ಒಂದು, ಸ್ಮರಣೆಯಲ್ಲಿ ಅಳೆದದ್ದು ಮತ್ತೊಂದು. ಕನಸಿನ ವಿಷಯದಲ್ಲಿ ನಮ್ಮ ಬಳಿ ಇರುವುದು ಸಾಮಾನ್ಯವಾಗಿ ಎರಡನೆಯದು ಮಾತ್ರ. ಕನಸು ಕಾಣುತ್ತಿರುವಾಗ ‘ಎಷ್ಟು ಹೊತ್ತಾಯಿತು’ ಎಂದು ಯಾರೂ ಕೇಳಿಕೊಳ್ಳುವುದಿಲ್ಲ, ಎದ್ದಮೇಲೆ ಕೇಳಿಕೊಳ್ಳುತ್ತಾರೆ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕೆಂದು ಕೋರುತ್ತೇನೆ.

ಇನ್ನು ಶಾಸ್ತ್ರಕ್ಕೆ ಬರೋಣ. ಗೌಡಪಾದರ ಕಾರಿಕೆಗಳ ಎರಡನೆಯದಾದ ವೈತಥ್ಯಪ್ರಕರಣವು ಸ್ವಪ್ನಪದಾರ್ಥಗಳ ಮಿಥ್ಯಾತ್ವದಿಂದಲೇ ಆರಂಭವಾಗುತ್ತದೆ. ಆನೆ ಬೆಟ್ಟ ಮುಂತಾದುವು ದೇಹದ ಒಳಗೆ ಕಾಣುತ್ತವೆ, ಅಷ್ಟು ಇಕ್ಕಟ್ಟಿನಲ್ಲಿ ಅವು ಇರಲಾರವು ಎಂಬುದು ಮೊದಲನೆಯ ಹೇತು. ಹೊರಗೆ ಹೋಗಿ ನೋಡಿಬಂದನೆನ್ನೋಣವೆಂದರೆ ಕಾಲವು ಸಾಲದು ಎಂಬುದು ಎರಡನೆಯದು. ಇದಕ್ಕೆ ಆಚಾರ್ಯರು ಬಳಸಿದ ಶಬ್ದ ‘ಅದೀರ್ಘತ್ವ’. ಶಂಕರಾಚಾರ್ಯರ ಹೆಸರಿನಲ್ಲಿರುವ ಭಾಷ್ಯವು ಇದನ್ನು ಬಿಡಿಸಿ ಹೇಳುತ್ತದೆ: ಮಲಗಿದವನು ನೂರು ಯೋಜನಗಳಾಚೆ, ಒಂದು ತಿಂಗಳು ನಡೆದು ಸೇರಬೇಕಾದ ದೇಶದಲ್ಲಿ ಕನಸು ಕಾಣುವಂತಿರುತ್ತಾನೆ, ಅಲ್ಲಿಗೆ ಹೋಗುವುದಕ್ಕೂ ಹಿಂದಿರುಗುವುದಕ್ಕೂ ಬೇಕಾದ ದೀರ್ಘಕಾಲವು ಅವನಿಗೆ ದೊರೆತಿಲ್ಲ. ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ಸಂಧ್ಯಾಧಿಕರಣದ ಭಾಷ್ಯದಲ್ಲಿಯೂ ಇದೇ ವಿಚಾರವಿದೆ. ರಾತ್ರಿಯಲ್ಲಿ ಮಲಗಿದವನು ಹಗಲೆಂದು ತಿಳಿಯುತ್ತಾನೆ. ಒಂದು ಮುಹೂರ್ತ ಮಾತ್ರ ಇರುವ ಕನಸಿನಲ್ಲಿ ಒಮ್ಮೊಮ್ಮೆ ಅನೇಕ ವರ್ಷಗಳನ್ನು ಕಳೆಯುತ್ತಾನೆ. ಮುಹೂರ್ತವೆಂದರೆ ಎರಡು ಗಳಿಗೆ, ಈಗಿನ ಲೆಕ್ಕದಲ್ಲಿ 48 ನಿಮಿಷ. ಕನಸಿಗೆ ಭಾಷ್ಯಕಾರರು ಕೊಟ್ಟಿರುವ ಅವಧಿಯು ಒಂದು ಕ್ಷಣವಲ್ಲ, ನಿಮಿಷವಲ್ಲ, ಒಂದು ಮುಹೂರ್ತ ಎಂಬುದನ್ನು ಗಮನಿಸಬೇಕು. ಅದರ ಪ್ರಯೋಜನವು ಮುಂದೆ ತಿಳಿಯುವುದು.

ಪಾಶ್ಚಾತ್ಯರಲ್ಲಿ ಈ ಚರ್ಚೆಯು ಕಾವೇರಿದ್ದು ಫ್ರಾನ್ಸಿನ ಆಲ್ಫ್ರೆಡ್ ಮೋರಿ ಎಂಬ ವಿದ್ವಾಂಸನ ಒಂದು ಕನಸಿನಿಂದ. ನಿದ್ರೆಯನ್ನೂ ಕನಸನ್ನೂ ಕುರಿತು 1861ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಇದರ ವೃತ್ತಾಂತವಿದೆ. ಅವನು ಅಸ್ವಸ್ಥನಾಗಿ ಮಲಗಿದ್ದನು. ಪಕ್ಕದಲ್ಲಿ ತಾಯಿ ಕುಳಿತಿದ್ದಳು. ಫ್ರಾನ್ಸಿನ ಮಹಾಕ್ರಾಂತಿಯ ಭಯಂಕರ ದಿನಗಳು ಕನಸಿಗೆ ಬಂದುವು. ಕೊಲೆಗಳನ್ನು ಕಂಡನು, ತಾನೇ ನ್ಯಾಯಸ್ಥಾನಕ್ಕೆ ಎಳೆಯಲ್ಪಟ್ಟನು, ರೊಬೆಸ್ಪಿಯೆರ್, ಮಾರಾ ಮೊದಲಾದವರನ್ನು ನೋಡಿದನು, ವಾದಿಸಿದನು, ಮರಣದಂಡನೆಯಾಗಿ ಗಾಡಿಯ ಮೇಲೆ ಜನರ ನಡುವೆ ವಧ್ಯಸ್ಥಾನವನ್ನು ಸೇರಿದನು, ಗಿಲೊಟಿನ್ ಯಂತ್ರದ ಅಲಗು ಕತ್ತಿನ ಮೇಲೆ ಬಿದ್ದಿತು. ಎಚ್ಚತ್ತು ನೋಡಿದರೆ ಮಂಚದ ಮೇಲ್ಗಡೆಯ ಅಡ್ಡಪಟ್ಟಿಯು ಕಳಚಿ ಕತ್ತಿನ ಮೇಲೆ ಬಿದ್ದಿತ್ತು. ಅದು ಆಗತಾನೆ ಬಿದ್ದಿತೆಂದು ತಾಯಿ ಹೇಳಿದಳು. ಪಟ್ಟಿಯ ಪೆಟ್ಟೇ ಕನಸಿಗೆ ಕಾರಣವಾದರೆ, ಪೆಟ್ಟಿಗೂ ಎಚ್ಚರಕ್ಕೂ ನಡುವಣ ಒಂದು ಕ್ಷಣದಲ್ಲಿ ಅಷ್ಟು ದೊಡ್ಡ ಚರಿತ್ರೆಯು ನಡೆಯಿತೆಂದು ಒಪ್ಪಬೇಕಾಯಿತು. ಇದರ ಮೇಲೆ 1890ರ ದಶಕದಲ್ಲಿ ಫ್ರೆಂಚ್ ತತ್ತ್ವಶಾಸ್ತ್ರಪತ್ರಿಕೆಯಲ್ಲಿ ದೊಡ್ಡ ವಾದವೇ ನಡೆಯಿತು. ಫ್ರಾಯ್ಡನು ತನ್ನ ಸ್ವಪ್ನಗ್ರಂಥದಲ್ಲಿ ಸೊಗಸಾದ ಸಮಾಧಾನವೊಂದನ್ನು ಕೊಟ್ಟನು: ಕ್ರಾಂತಿಯ ಕಥೆಯು ಮೋರಿಯ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿ ಕುಳಿತಿದ್ದಿರಬೇಕು, ಪೆಟ್ಟು ಅದನ್ನು ಕಟ್ಟಲಿಲ್ಲ, ಕೇವಲ ಮುಟ್ಟಿತು. ಪರಿಚಿತವಾದ ರಾಗದ ಎರಡು ಸ್ವರಗಳು ಕಿವಿಗೆ ಬಿದ್ದರೆ ಇಡೀ ಕೀರ್ತನೆಯೇ ನೆನಪಾಗುವ ಹಾಗೆ. ಪಟ್ಟಿ ಬೀಳುವುದಕ್ಕೆ ಮುಂಚಿನಿಂದಲೇ ಅವನು ಅಂಥ ಕನಸನ್ನು ಕಾಣುತ್ತಿದ್ದಿರಬಹುದು, ಪೆಟ್ಟು ಅದರ ಕೊನೆಯನ್ನು ಮಾತ್ರ ಒದಗಿಸಿರಬಹುದು ಎಂಬ ಊಹೆಗೂ ಅವಕಾಶವಿದೆ. ನನಗೆ ಇದೇ ಸರಳವಾಗಿ ತೋರುತ್ತದೆ. ಅಂತು ಒಬ್ಬನ ಒಂದು ಕನಸಿನ ಮೇಲೆ, ಅದೂ ಎದ್ದಮೇಲೆ ಹೇಳಿದುದರ ಮೇಲೆ, ನೂರು ವರ್ಷಗಳ ಕಾಲ ಒಂದು ಸಿದ್ಧಾಂತವು ನಿಂತಿತ್ತು.

ಅದು ಅಲುಗಾಡಿದ್ದು ಷಿಕಾಗೋ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ. ಮಲಗಿದವರ ಕಣ್ಣುಗುಡ್ಡೆಗಳು ರಾತ್ರಿಯ ಕೆಲವು ಭಾಗಗಳಲ್ಲಿ ರೆಪ್ಪೆಯ ಕೆಳಗೆ ವೇಗವಾಗಿ ಚಲಿಸುತ್ತವೆಂಬುದನ್ನೂ, ಆಗ ಎಬ್ಬಿಸಿದರೆ ಬಹುಮಂದಿ ಕನಸನ್ನು ಹೇಳುತ್ತಾರೆಂಬುದನ್ನೂ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು 1953ರಲ್ಲಿ ಪ್ರಕಟಿಸಿದರು. ಈ ನೇತ್ರಚಲನೆಯ ನಿದ್ರೆಯು ಸುಮಾರು ಒಂದೂವರೆ ಗಂಟೆಗೊಮ್ಮೆ ಮರುಕಳಿಸುತ್ತದೆ. ಮೊದಲ ಸಲ ಕೆಲವೇ ನಿಮಿಷಗಳಿದ್ದು, ಬೆಳಗಿನ ಜಾವಕ್ಕೆ ಅರ್ಧ ಗಂಟೆಯವರೆಗೂ ಬೆಳೆಯುತ್ತದೆ. (ಜಿನಮಾತೆಯ ಹದಿನಾರು ಕನಸುಗಳನ್ನು ನಮ್ಮ ಜೈನಕವಿಗಳು ರಾತ್ರಿಯ ಕೊನೆಯ ಜಾವದಲ್ಲಿಯೇ ಇರಿಸುವುದು ಇಲ್ಲಿ ನೆನಪಿಗೆ ಬರುತ್ತದೆ. ಅವರು ಅಲ್ಲಿ ಶಕುನವನ್ನು ಎಣಿಸಿದರೇ ಹೊರತು ನಿಮಿಷಗಳನ್ನಲ್ಲ. ಆದರೂ ಕನಸುಗಳು ಹೆಚ್ಚಾಗಿ ನೆನಪಿನಲ್ಲುಳಿಯುವ ಹೊತ್ತು ಯಾವುದೆಂಬುದು ಲೋಕಕ್ಕೆ ಗೊತ್ತಿತ್ತು.) ನೇತ್ರಚಲನೆಯಿಲ್ಲದ ನಿದ್ರೆಯಲ್ಲಿಯೂ ಕನಸುಗಳಾಗುವುದುಂಟೆಂದು ತರುವಾಯ ತಿಳಿದುಬಂದಿದೆ, ನಮ್ಮ ಪ್ರಕೃತಕ್ಕೆ ಅದರಿಂದ ಬಾಧೆಯಿಲ್ಲ.

1957ರಲ್ಲಿ ಡಿಮೆಂಟ್ ಮತ್ತು ಕ್ಲೈಟ್‌ಮನ್ ಒಂದು ಸರಳವಾದ ಪರೀಕ್ಷೆಯನ್ನು ಮಾಡಿದರು. ಕಣ್ಣಿನ ಚಲನೆಯು ಆರಂಭವಾಗಿ 5 ನಿಮಿಷಗಳಾದಾಗ ಕೆಲವು ಸಲ, 15 ನಿಮಿಷಗಳಾದಾಗ ಕೆಲವು ಸಲ ಮಲಗಿದವರನ್ನು ಎಬ್ಬಿಸಿ, ಕನಸು ಐದು ನಿಮಿಷದ್ದೋ ಹದಿನೈದು ನಿಮಿಷದ್ದೋ ಎಂದು ಕೇಳಿದರು. ಒಟ್ಟು 111 ಸಲಗಳಲ್ಲಿ 92 ಸಲ ಉತ್ತರವು ಸರಿಯಾಗಿತ್ತು. ಕನಸು ಕಾಲವನ್ನು ಬೇಕಾಬಿಟ್ಟಿಯಾಗಿ ಹಿಗ್ಗಿಸುವುದಾದರೆ ಇಷ್ಟು ಮಂದಿ ಇಷ್ಟು ಸರಿಯಾಗಿ ಹೇಳುವುದು ಸಾಧ್ಯವಿರಲಿಲ್ಲ. ಮರುವರ್ಷ ಡಿಮೆಂಟನೂ ವೋಲ್ಪರ್ಟನೂ ಮಲಗಿದವರ ಮೈಮೇಲೆ ತಣ್ಣೀರನ್ನು ಚಿಮುಕಿಸಿ, ಸ್ವಲ್ಪ ಹೊತ್ತಿನ ಮೇಲೆ ಎಬ್ಬಿಸಿದರು. ಕೆಲವರ ಕನಸಿನಲ್ಲಿ ನೀರು ಮಳೆಯಾಗಿಯೋ ಸೋರುವ ಮಾಡಾಗಿಯೋ ಬಂದಿತ್ತು. ನೀರು ಬಿದ್ದ ತರುವಾಯ ಕನಸಿನಲ್ಲಿ ನಡೆದ ಕಾರ್ಯಗಳಿಗೆ ಎಚ್ಚರದಲ್ಲಿ ಎಷ್ಟು ಹೊತ್ತು ಹಿಡಿಯುವುದೋ, ಹೊರಗೆ ಕಳೆದ ಹೊತ್ತೂ ಹೆಚ್ಚುಕಡಮೆ ಅಷ್ಟೇ ಆಗಿತ್ತು. ಮೋರಿಯ ಮಂಚದ ಪಟ್ಟಿಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಇನ್ನೂ ಸೋಜಿಗವಾದುದು ಆಮೇಲಿನ ಪ್ರಯೋಗ. ‘ಇದು ಕನಸು’ ಎಂಬ ಅರಿವು ಕನಸಿನಲ್ಲಿಯೇ ಉಂಟಾಗುವವರು ಕೆಲವರಿದ್ದಾರೆ. ನೇತ್ರಚಲನೆಯ ನಿದ್ರೆಯಲ್ಲಿ ಕೈಕಾಲುಗಳ ಸ್ನಾಯುಗಳು ಸಡಿಲವಾಗಿ ಅಲುಗದಿದ್ದರೂ ಕಣ್ಣುಗಳು ಸ್ವಾಧೀನದಲ್ಲಿರುತ್ತವೆ. ಆದುದರಿಂದ ಇಂಥವರು ಮೊದಲೇ ಮಾಡಿಕೊಂಡ ಸಂಕೇತದಂತೆ ಕಣ್ಣನ್ನು ಎಡಬಲಕ್ಕೆ ಹೊರಳಿಸಿ ಹೊರಗಿನವರಿಗೆ ಸುದ್ದಿ ಕೊಡಬಲ್ಲರು. ಇಂಗ್ಲೆಂಡಿನಲ್ಲಿ ಕೀತ್ ಹರ್ನ್ 1975ರಲ್ಲಿ ಇಂಥ ಸಂಕೇತವನ್ನು ದಾಖಲೆಮಾಡಿದನು. ಕೆಲವು ವರ್ಷಗಳಲ್ಲಿಯೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲಾಬರ್ಜ್ ಎಂಬವನು ಸ್ವತಂತ್ರವಾಗಿ ಅದನ್ನು ಸಾಧಿಸಿದನು. ಕನಸಿನೊಳಗೆ ಹತ್ತು ಸೆಕೆಂಡುಗಳನ್ನು ಎಣಿಸಿ, ಎಣಿಕೆಯ ಆದಿಯಲ್ಲಿಯೂ ಅಂತ್ಯದಲ್ಲಿಯೂ ಕಣ್ಣಿನಿಂದ ಗುರುತುಮಾಡಿದಾಗ, ಹೊರಗಿನ ಗಡಿಯಾರದಲ್ಲಿಯೂ ಸುಮಾರು ಅಷ್ಟೇ ಕಳೆದಿತ್ತು. ಎರ್ಲಾಖರ್ ಮತ್ತು ಶ್ರೆಡ್ಲ್ ಎಂಬ ಜರ್ಮನ್ ವಿದ್ವಾಂಸರು 2004ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕನಸಿನಲ್ಲಿ ಬಸ್ಕಿ ಹೊಡೆಯಹೇಳಿದರು. ಎಣಿಕೆಗೆ ಎಚ್ಚರದಷ್ಟೇ ಹೊತ್ತು. ಬಸ್ಕಿಗಾದರೋ ನೂರಕ್ಕೆ ಸುಮಾರು 40ರಷ್ಟು ಹೆಚ್ಚು ಹೊತ್ತು! ಎಂದರೆ ಕನಸಿನ ಮೈ ಎಚ್ಚರದ ಮೈಗಿಂತ ನಿಧಾನವಾಗಿ ನಡೆಯುತ್ತದೆ. ಇದರ ಕಾರಣವು ಇನ್ನೂ ನಿರ್ಣಯವಾಗಿಲ್ಲ. ಪರೀಕ್ಷಿತರು ಕೆಲವರೇ ಎಂಬುದನ್ನೂ, ಅರಿವುಳ್ಳ ಕನಸು ಎಲ್ಲರ ಕನಸಿನಂತಲ್ಲ ಎಂಬುದನ್ನೂ ಮರೆಯಬಾರದು. ಆದರೂ ಕನಸಿಗೆ ಮಿಂಚಿನ ವೇಗವಿದೆಯೆಂಬ ಮಾತಿಗೆ ಇಲ್ಲಿ ಎಡೆಯೇ ಇಲ್ಲ.

ಹಾಗಾದರೆ ಕಾಶೀಯಾತ್ರೆಯ ತಿಂಗಳು ಎಲ್ಲಿಂದ ಬಂತು? ಇದಕ್ಕೆ ನನ್ನದೇ ಒಂದು ಕನಸನ್ನು ನಿದರ್ಶನವಾಗಿ ಕೊಡುತ್ತೇನೆ. ಒಂದು ಬೆಳಗ್ಗೆ ಮನೆಯವರು ಎಬ್ಬಿಸಿದರು. ‘ಎದ್ದೆ’ ಎಂದು ಹೇಳಿ ಮತ್ತೆ ಮಲಗಿದೆ. ಹತ್ತು ನಿಮಿಷಗಳ ಮೇಲೆ ಅವರು ಮತ್ತೆ ಬಂದು ಕೂಗುವಷ್ಟರಲ್ಲಿ ಮೂರು ಗಂಟೆಗಳ ಒಂದು ಪರೀಕ್ಷೆಯನ್ನು ಬರೆದು ಮುಗಿಸಿದ್ದೆ. ಮೂರು ಗಂಟೆಯಾಯಿತೆಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ, ಕೈ ಸೋತಿತ್ತು. ಕೂಡಲೇ ಕಾಗದವನ್ನು ತೆಗೆದುಕೊಂಡು, ಕಂಡದ್ದನ್ನು ಮಾತ್ರ, ಊಹಿಸಿದ್ದನ್ನು ಬಿಟ್ಟು, ಬರೆದುನೋಡಿದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟದ್ದು, ಪ್ರಶ್ನಪತ್ರಿಕೆಯಲ್ಲಿ ಅಕ್ಷರಗಳು ನಿಲ್ಲದಿದ್ದುದು, ಶಾಯಿ ಚೆಲ್ಲಿದುದು, ಮುಂದಿನ ಬೆಂಚಿನಲ್ಲಿ ತೀರಿಹೋದ ನಮ್ಮ ಸೋದರಮಾವ ಕುಳಿತು ಬರೆಯುತ್ತಿದ್ದುದು, ಗಂಟೆ ಹೊಡೆದದ್ದು. ಇಷ್ಟೇ. ಇವೆಲ್ಲವನ್ನೂ ಎಚ್ಚರದಲ್ಲಿ ನಡೆಸಿದರೆ ಏಳೆಂಟು ನಿಮಿಷ ಹಿಡಿದೀತು. ಮೂರು ಗಂಟೆಗಳನ್ನು ನಾನು ಕಂಡಿರಲಿಲ್ಲ. ಪರೀಕ್ಷೆಯೆಂದಮೇಲೆ ಮೂರು ಗಂಟೆಯಿರಬೇಕೆಂಬುದು ನನಗೆ ಗೊತ್ತಿತ್ತು. ಗಂಟೆ ಹೊಡೆದೊಡನೆ ಆ ತಿಳಿವಳಿಕೆಯು ಬಂದು ಸೇರಿಕೊಂಡಿತು. ಅವಧಿಯು ಕನಸಿನ ಅನುಭವವಾಗಿರಲಿಲ್ಲ, ಕನಸಿನ ಅರ್ಥದ ಒಂದು ಭಾಗವಾಗಿತ್ತು.

ಸಾಹಿತ್ಯದ ಉಪಾಧ್ಯಾಯರಿಗೆ ಇದು ಹೊಸದಲ್ಲ. ಸಂಸ್ಕೃತನಾಟಕದ ಒಂದು ಅಂಕದಲ್ಲಿ ಒಂದು ದಿನದ ವೃತ್ತಾಂತವಿರಬೇಕು, ತಿಂಗಳು ವರ್ಷಗಳ ಕಥೆಯನ್ನು ಅಂಕಗಳ ನಡುವೆ ಪ್ರವೇಶಕಾದಿಗಳಿಂದ ಸೂಚಿಸಬೇಕು ಎಂದು ಭರತಮುನಿಯ ನಿಯಮ. ಉತ್ತರರಾಮಚರಿತದ ಮೊದಲನೆಯ ಅಂಕಕ್ಕೂ ಎರಡನೆಯದಕ್ಕೂ ನಡುವೆ ಹನ್ನೆರಡು ವರ್ಷಗಳು ಕಳೆದುಹೋಗುತ್ತವೆ. ಸಾಮಾಜಿಕನು ಆ ವರ್ಷಗಳನ್ನು ಕುಳಿತು ಕಳೆಯುವುದಿಲ್ಲ. ಆದರೂ ರಾಮನ ದುಃಖದಲ್ಲಿ ಹನ್ನೆರಡು ವರ್ಷಗಳ ಭಾರವನ್ನು ಅನುಭವಿಸುತ್ತಾನೆ. ನಾಟಕವು ವೇಗವಾಗಿ ನಡೆಯಿತೆಂದು ಯಾರೂ ಹೇಳುವುದಿಲ್ಲ. ಮಾತುಗಳು ಮಾತಿನ ವೇಗದಲ್ಲಿಯೇ ನಡೆದುವು. ನಡುವೆ ಬಿಟ್ಟದ್ದು ಬಿಟ್ಟುಹೋಯಿತು. ಕನಸೂ ಹಾಗೆಯೇ. ಭೇದವಿಷ್ಟೆ: ರಂಗದ ಮುಂದೆ ಕುಳಿತವನಿಗೆ ಪರದೆ ಬಿದ್ದುದು ಕಾಣುತ್ತದೆ, ಕನಸು ಕಾಣುವವನಿಗೆ ಕಾಣುವುದಿಲ್ಲ.

ಯೋಗವಾಸಿಷ್ಠದ ಲವಣೋಪಾಖ್ಯಾನವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಇದನ್ನು ಸ್ವಪ್ನದ ಕಥೆಯೆಂದೇ ಅನೇಕರು ಉದಾಹರಿಸುತ್ತಾರೆ. ವಸ್ತುತಃ ಅದು ಇಂದ್ರಜಾಲದ ಕಥೆ. ಐಂದ್ರಜಾಲಿಕನು ನವಿಲುಗರಿಯ ಕುಂಚವನ್ನು ಬೀಸಲು ಲವಣರಾಜನು ಸಿಂಹಾಸನದಲ್ಲಿಯೇ ಸ್ತಬ್ಧನಾಗುತ್ತಾನೆ. ಸ್ವಲ್ಪ ಕಾಲದ ಮೇಲೆ ಎಚ್ಚತ್ತು, ಕುದುರೆಯೊಂದು ತನ್ನನ್ನು ಕಾಡಿಗೆ ಒಯ್ದುದನ್ನೂ, ಹಸಿದು ಚಂಡಾಲಕನ್ಯೆಯಿಂದ ಅನ್ನವನ್ನು ಪಡೆಯುವುದಕ್ಕಾಗಿ ಅವಳನ್ನು ಮದುವೆಯಾದುದನ್ನೂ, ಮಕ್ಕಳಾಗಿ, ಮುಪ್ಪಾಗಿ, ಕ್ಷಾಮ ಬಂದು, ಮಗನ ಹಸಿವಿಗಾಗಿ ತಾನು ಬೆಂಕಿಗೆ ಬೀಳಲಿದ್ದುದನ್ನೂ ಸಭೆಗೆ ಹೇಳುತ್ತಾನೆ. ಆ ವರ್ಷಗಳೆಲ್ಲ ನಮಗೆ ದೊರೆಯುವುದು ರಾಜನ ಬಾಯಿಂದ, ಕಥನವಾಗಿ. ಅವನು ಸಭೆಯಲ್ಲಿ ಕುಳಿತು ಹೇಳಿ ಮುಗಿಸುವಷ್ಟೇ ಉದ್ದ ಅವಕ್ಕಿದೆ. ಮರುದಿನ ಅವನು ವಿಂಧ್ಯಾಟವಿಗೆ ಹೋಗಿ ಅದೇ ಹಳ್ಳಿಯನ್ನೂ ಅಳುತ್ತಿರುವ ಮುದುಕಿಯನ್ನೂ ಕಾಣುವುದು ಕಥೆಯ ನಿಜವಾದ ಕೊಂಡಿ. ಕಾಲದ ಹಿಗ್ಗುವಿಕೆಯು ಅದಕ್ಕೆ ಪೀಠಿಕೆ ಮಾತ್ರ. ಈ ಆಖ್ಯಾನದಿಂದ ಕನಸಿನ ವೇಗವನ್ನು ಸಾಧಿಸಹೊರಡುವುದು, ಕಾವ್ಯದ ‘ಬಹುಕಾಲ ಕಳೆಯಿತು’ ಎಂಬ ಮಾತನ್ನು ಗಡಿಯಾರದಿಂದ ಅಳೆದಂತೆಯೇ ಸರಿ.

ಎಚ್ಚರದಲ್ಲಿಯೂ ಸ್ಮರಣೆಯು ಹೀಗೆ ಕಾಲವನ್ನು ಹಿಗ್ಗಿಸುತ್ತದೆಂಬುದಕ್ಕೆ 2007ರ ಒಂದು ಪರೀಕ್ಷೆಯಿದೆ. ಈಗಲ್‌ಮನ್ ಮೊದಲಾದವರು ಮನುಷ್ಯರನ್ನು 31 ಮೀಟರ್ ಎತ್ತರದಿಂದ ಬಲೆಯೊಳಕ್ಕೆ ಬೀಳಿಸಿದರು. ಬಿದ್ದವರು ತಮ್ಮ ಪತನವು ಇತರರ ಪತನಕ್ಕಿಂತ ನೂರಕ್ಕೆ 36ರಷ್ಟು ದೀರ್ಘವಾಗಿತ್ತೆಂದು ಅಂದಾಜುಮಾಡಿದರು. ಆದರೆ ಬೀಳುತ್ತಿರುವಾಗ ಮಣಿಕಟ್ಟಿನ ಯಂತ್ರದಲ್ಲಿ ಬಹು ವೇಗವಾಗಿ ಮಿನುಗುವ ಅಂಕಿಗಳನ್ನು ಅವರು ನೆಲದ ಮೇಲಿದ್ದಾಗಿಗಿಂತ ಚೆನ್ನಾಗಿ ಓದಲಾರದೆ ಹೋದರು. ಕಾಲವು ನಿಧಾನವಾಗಿರಲಿಲ್ಲ, ಭಯದ ನೆನಪು ದಟ್ಟವಾಗಿತ್ತು.

ಎಚ್ಚರದಲ್ಲಿ ಇಂಥ ಭ್ರಮೆಯನ್ನು ತಿದ್ದುವ ಸಾಧನಗಳು ಸುತ್ತಲೂ ಇವೆ: ನೆರಳು ಸರಿಯುತ್ತದೆ, ಹಸಿವಾಗುತ್ತದೆ, ಇನ್ನೊಬ್ಬನು ‘ಈಗತಾನೆ ಬಂದೆಯಲ್ಲ’ ಎನ್ನುತ್ತಾನೆ. ಕನಸಿನಲ್ಲಿ ಇವು ಯಾವುವೂ ಹೊರಗಿನಿಂದ ಬರುವುದಿಲ್ಲ. ಮನಸ್ಸು ಕಟ್ಟಿದ ನೆರಳು ಮನಸ್ಸು ಹೇಳಿದಲ್ಲಿಯೇ ನಿಲ್ಲುತ್ತದೆ. ಅದಲ್ಲದೆ ಪೂರ್ವಾಪರವನ್ನು ಪರಿಶೀಲಿಸುವ ಮುಂಭಾಗದ ಮೆದುಳಿನ ಕೆಲವು ಪ್ರದೇಶಗಳು ನೇತ್ರಚಲನೆಯ ನಿದ್ರೆಯಲ್ಲಿ ಮಂದವಾಗಿರುತ್ತವೆಂದು 1990ರ ದಶಕದಿಂದೀಚೆಗೆ ಮೆದುಳಿನ ಚಿತ್ರಗಳಿಂದ ತಿಳಿದುಬಂದಿದೆ. ತೀರಿಹೋದ ಸೋದರಮಾವನನ್ನು ಕಂಡು ನಾನು ಬೆರಗಾಗದಿದ್ದುದಕ್ಕೂ, ಮೂರು ಗಂಟೆಗಳನ್ನು ಪ್ರಶ್ನಿಸದಿದ್ದುದಕ್ಕೂ ಕಾರಣವು ಒಂದೇ ಇರಬಹುದು.

ಇದನ್ನು ಬರೆಯುವಾಗ ವೈತಥ್ಯಪ್ರಕರಣದ ಹದಿನಾಲ್ಕನೆಯ ಕಾರಿಕೆಯು ಕಣ್ಣಮುಂದೆ ಬಂದು ನಿಲ್ಲುತ್ತದೆ. ಒಳಗಿನ ಪದಾರ್ಥಗಳನ್ನು ಅಲ್ಲಿ ‘ಚಿತ್ತಕಾಲ’ಗಳೆಂದೂ ಹೊರಗಿನವನ್ನು ‘ದ್ವಯಕಾಲ’ಗಳೆಂದೂ ಕರೆದಿದೆ. ಒಳಗಿನವಕ್ಕೆ ಕಲ್ಪಿಸುವ ಚಿತ್ತದ ಕಾಲವನ್ನು ಬಿಟ್ಟರೆ ಬೇರೆ ಅಳತೆಯಿಲ್ಲ. ಹೊರಗಿನವು ಒಂದರಿಂದೊಂದು ಅಳೆಯಲ್ಪಡುತ್ತವೆ ಎಂದು ಭಾಷ್ಯದ ತಾತ್ಪರ್ಯ. ಅಲ್ಲಿ ಕೊಟ್ಟಿರುವ ನಿದರ್ಶನವು ಬಹು ಸುಂದರವಾದುದು. ಹಸುವನ್ನು ಕರೆಯುವವರೆಗೆ ಇವನು ಕುಳಿತಿರುತ್ತಾನೆ. ಇವನು ಕುಳಿತಿರುವವರೆಗೆ ಅವನು ಹಸುವನ್ನು ಕರೆಯುತ್ತಾನೆ. ಒಂದು ಕೆಲಸದ ಪಕ್ಕದಲ್ಲಿ ಮತ್ತೊಂದು ಕೆಲಸವಿದ್ದರೆ ಅದೇ ಗಡಿಯಾರ. ಕನಸಿನಲ್ಲಿ ಕುಳಿತವನಿದ್ದಾನೆ, ಹಸುವಿಲ್ಲ. ಹಸುವಿದ್ದರೂ ಅದು ಅವನದೇ ಚಿತ್ತದ ಹಸು. ಷಿಕಾಗೋವಿನವರು ನೀರು ಚಿಮುಕಿಸಿದಾಗ ಮಾಡಿದುದು ಒಂದು ಹೊರಗಿನ ಹಸುವನ್ನು ಒಳಕ್ಕೆ ಕಳುಹಿಸಿದ ಕೆಲಸ. ಗೌಡಪಾದರು ಈ ಭೇದವನ್ನು ಹೇಳಿ ಅಲ್ಲಿಗೆ ನಿಲ್ಲಲಿಲ್ಲ, ಎರಡೂ ಕಲ್ಪಿತವೇ ಎಂದು ಮುಂದೆ ಹೋದರು ಎಂಬುದನ್ನು ಮುಚ್ಚಿಡತಕ್ಕದ್ದಲ್ಲ. ಅಲ್ಲಿಗೆ ಪ್ರಯೋಗಶಾಲೆಯು ಅವರ ಜೊತೆ ಹೋಗಲಾರದು, ಹೋಗಬೇಕಾದುದೂ ಇಲ್ಲ. ಅವಸ್ಥಾತ್ರಯವನ್ನೇ ವೇದಾಂತದ ತಳಹದಿಯಾಗಿ ಮಾಡಿಕೊಂಡು 1930ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವನ್ನು ಬರೆದ ಕೆ. ಎ. ಕೃಷ್ಣಸ್ವಾಮಿ ಅಯ್ಯರ್ ಅವರನ್ನು ಓದಿರುವ ಕನ್ನಡಿಗರಿಗೆ ಈ ಎರಡು ಕ್ಷೇತ್ರಗಳ ಗಡಿಯು ತಿಳಿದೇ ಇದೆ.

ಉಳಿದದ್ದು ‘ಅದೀರ್ಘತ್ವ’ದ ಪ್ರಶ್ನೆ. ಕನಸಿನ ಕಾರ್ಯಗಳಿಗೆ ಹೊರಗಿನಷ್ಟೇ ಹೊತ್ತು ಹಿಡಿಯುವುದಾದರೆ, ಕಾಲವು ಸಾಲದೆಂಬ ಹೇತುವು ಅಸಿದ್ಧವಾಯಿತೆಂದು ಆಕ್ಷೇಪಿಸಬಹುದು. ಆದರೆ ಹೇತುವು ಹೇಳುವುದು ಕನಸು ವೇಗವಾಗಿ ನಡೆಯಿತೆಂದಲ್ಲ. ತಿಂಗಳ ಪ್ರಯಾಣಕ್ಕೆ ತಿಂಗಳು ದೊರೆಯಲಿಲ್ಲ, ಆದುದರಿಂದ ಪ್ರಯಾಣವು ನಡೆಯಲಿಲ್ಲ ಎಂದು. ಪ್ರಯೋಗಗಳು ಹೇಳುವುದೂ ಅದನ್ನೇ: ಕಾಶಿಯ ದಾರಿಯನ್ನು ಯಾರೂ ನಡೆಯಲಿಲ್ಲ, ಮನೆಯ ಬಾಗಿಲನ್ನು ಕಂಡರು, ಗಂಗೆಯ ಮೆಟ್ಟಿಲನ್ನು ಕಂಡರು. ಕನಸಿಗೆ ಮಿಂಚಿನ ವೇಗವಿದೆಯೆಂದು ಒಪ್ಪಿಕೊಂಡಿದ್ದರೇ ಯುಕ್ತಿಗೆ ಅಪಾಯವಿತ್ತು. ಏಕೆಂದರೆ ಮನಸ್ಸು ಅಷ್ಟು ವೇಗವಾಗಿ ಹೋಗಿಬಂದಿತೆಂದು ಪೂರ್ವಪಕ್ಷದವನು ಹೇಳಬಹುದಾಗಿತ್ತು. ಇನ್ನೊಂದು ಮಾತು. ನಾಲ್ಕನೆಯದಾದ ಅಲಾತಶಾಂತಿಪ್ರಕರಣದಲ್ಲಿ ಇದೇ ಯುಕ್ತಿಯು ಮತ್ತೆ ಬರುತ್ತದೆ. ಅಲ್ಲಿ ಆಚಾರ್ಯರು ‘ಅದೀರ್ಘತ್ವ’ವನ್ನು ಬಿಟ್ಟು ಕಾಲದ ‘ಅನಿಯಮ’ ಎಂಬ ಶಬ್ದವನ್ನು ಇರಿಸಿದ್ದಾರೆ. ಪ್ರಯಾಣಕ್ಕೆ ಎಚ್ಚರದಲ್ಲಿರುವ ಕಾಲನಿಯಮವು ಕನಸಿನಲ್ಲಿಲ್ಲ ಎಂದಷ್ಟೇ ಅದರ ಅರ್ಥ. ಕಾಲವು ಅಲ್ಪವೋ ಅಧಿಕವೋ ಎಂಬ ಗೋಜು ಅಲ್ಲಿಲ್ಲ. ಛಂದಸ್ಸಿಗಾಗಿ ಶಬ್ದವು ಬದಲಾಯಿತೆ, ಬುದ್ಧಿಪೂರ್ವಕವಾಗಿ ಬದಲಾಯಿತೆ ಎಂಬುದನ್ನು ಎರಡು ಪ್ರಕರಣಗಳ ಸಂಬಂಧವನ್ನು ವಿಚಾರಿಸುವ ವಿದ್ವಾಂಸರು ನಿರ್ಣಯಿಸಬೇಕು. ಪಾಠ ಹೇಳುವಾಗ ನಾನಂತೂ ಈಗ ಎರಡನೆಯ ಶಬ್ದವನ್ನೇ ಮೊದಲು ವಿವರಿಸಿ, ಆಮೇಲೆ ಮೊದಲನೆಯದಕ್ಕೆ ಬರುತ್ತೇನೆ.